ಮುಂಗೋಪಿ ಅಂದ್ರೆ ಯಾರು, ಆ ಪದ ಎಲ್ಲಿಂದ ಬಂತು

ಈಗ ಯಾರ ಬಾಯಲ್ಲಿ ಕೇಳಿದ್ರೂ "ಅವನು ತುಂಬಾ ಶಾರ್ಟ್ ಟೆಂಪರ್" ಅನ್ನೋ ಮಾತೇ. ಆಫೀಸಲ್ಲೂ ಅದೇ, ಮನೇಲೂ ಅದೇ, ಗಂಡು ಹೆಣ್ಣು ನೋಡೋ ಮಾತುಕತೆಲೂ "ಹುಡುಗ ಒಳ್ಳೇವ್ನೇ, ಸ್ವಲ್ಪ ಶಾರ್ಟ್ ಟೆಂಪರ್ ಅಷ್ಟೇ" ಅಂತ ಹೇಳಿ ಮುಗಿಸ್ತಾರೆ. ಇದೇ ಅರ್ಥಕ್ಕೆ ನಮ್ಮ ಹತ್ರ ಮುಂಗೋಪಿ ಅನ್ನೋ ಪದ ಇದೆ, ಸಿಡುಕ ಇದೆ, ಕೋಪಿಷ್ಠ ಇದೆ, ಅಜ್ಜಿಯಂದಿರು ಹೇಳೋ ದೂರ್ವಾಸ ಮುನಿನೂ ಇದ್ದಾರೆ. ಮಕ್ಕಳು ಪಾಠದಲ್ಲಿ ಈ ಪದ ನೋಡಿ "ಹಂಗಂದ್ರೇನು" ಅಂದ್ರೆ "ಬೇಗ ಕೋಪ ಬರೋರು ಕಣೋ" ಅಂತ ಹೇಳಿ ಮುಂದಕ್ಕೆ ಹೋಗ್ತೀವಿ. ಆದ್ರೆ ಈ ಪದಗಳ ಒಳಗೆ ಹೋಗಿ ನೋಡಿದ್ರೆ ಒಂದೊಂದೂ ಬೇರೆ ಬೇರೆ ಕಡೆಯಿಂದ ಬಂದಿದೆ, ಒಂದೊಂದೂ ಸಿಟ್ಟಿನ ಬೇರೆ ಬೇರೆ ಮುಖ ಹಿಡಿದಿದೆ. ಅದನ್ನ ಒಂದು ಕಡೆಯಿಂದ ಬಿಡಿಸಿ ನೋಡೋಣ.

ಎಲ್ಲಾ ಕೋಪದವರೂ ಮುಂಗೋಪಿಗಳಾ?

ಇಲ್ಲ. ಕೋಪ ಎಲ್ಲರಿಗೂ ಬರುತ್ತೆ, ಹಾಗಂತ ಎಲ್ಲರನ್ನೂ ಮುಂಗೋಪಿ ಅನ್ನಲ್ಲ. ಮುಂಗೋಪಿ ಅಂದ್ರೆ ವಿಷಯ ಪೂರ್ತಿ ಕೇಳೋಕೆ ಮೊದಲೇ, ಯೋಚನೆ ಮಾಡೋಕೆ ಮೊದಲೇ ರೇಗೋ ಮನುಷ್ಯ. ಅವನ ಕೋಪ ಎಷ್ಟು ದೊಡ್ಡದು, ಎಷ್ಟು ಹೊತ್ತು ಇರುತ್ತೆ ಅನ್ನೋದು ಆ ಪದದಲ್ಲಿ ಇಲ್ಲವೇ ಇಲ್ಲ, ಎಷ್ಟು ಬೇಗ ಬರುತ್ತೆ ಅನ್ನೋದಷ್ಟೇ ಇರೋದು. ಹಂಗಾಗಿ ಹತ್ತು ವರ್ಷ ಹಗೆ ಇಟ್ಕೊಂಡು ಕಾಯ್ತಾ ಇರೋನು ಮುಂಗೋಪಿ ಅಲ್ಲ, ಅವನು ಹಗೆಗಾರ. ಬೆಳಗ್ಗೆಯಿಂದ ರಾತ್ರಿವರೆಗೂ ಮುಖ ಗಂಟು ಹಾಕ್ಕೊಂಡು ಕೂತಿರೋನು ಮುಂಗೋಪಿ ಅಲ್ಲ, ಅವನು ಗಂಟುಮೋರೆಯವನು. ಮಾತಾಡಿಸಿದ್ರೆ ಸಾಕು ಚುರುಕ್ ಅಂತ ಉತ್ತರ ಕೊಡೋನು ಸಿಡುಕ. ಮಾತೇ ನಿಲ್ಲಿಸಿಬಿಟ್ಟು ಆ ಕಡೆ ತಿರುಗಿ ಕೂತವರದ್ದು ಮುನಿಸು. ಕೋಪಿಷ್ಠ ಅನ್ನೋದು ಇದಕ್ಕೆಲ್ಲ ಸೇರಿ ಅಗಲವಾದ ಪದ, ಸಿಕ್ಕಾಪಟ್ಟೆ ಕೋಪ ಇರೋರು ಅಂತ ಅಷ್ಟೇ. ಉತ್ತರ ಕರ್ನಾಟಕದ ಕಡೆ ಕೋಪಕ್ಕಿಂತ ಸಿಟ್ಟು ಅನ್ನೋ ಪದ ಜಾಸ್ತಿ ಓಡಾಡುತ್ತೆ, "ಭಾಳ ಸಿಟ್ಟಿನಾಂವ" ಅಂದ್ರೆ ಸಾಕು, ಯಾವ ತರದ ಸಿಟ್ಟು ಅನ್ನೋದು ಆ ಹೇಳೋ ಧಾಟೀಲೇ ಗೊತ್ತಾಗುತ್ತೆ.

ಪದವನ್ನ ಬಿಡಿಸಿದ್ರೆ

ಮುಂಗೋಪಿ ಅನ್ನೋದು ಮುಂಗೋಪದಿಂದ ಬಂದಿದ್ದು, ಮುಂಗೋಪ ಇರೋರು ಮುಂಗೋಪಿ. ಮುಂಗೋಪವನ್ನ ಬಿಡಿಸಿ ಬರೆದ್ರೆ ಮುನ್ + ಕೋಪ. ಮುನ್ ಅಪ್ಪಟ ಕನ್ನಡ, ಮುಂದೆ, ಮೊದಲು ಅಂತ ಅರ್ಥ. ಕೈಯ ಮುಂದಿನ ಭಾಗ ಮುಂಗೈ, ಹಣೆ ಮೇಲೆ ಬೀಳೋ ಕೂದಲು ಮುಂಗುರುಳು, ವರ್ಷದಲ್ಲಿ ಮೊದಲು ಬರೋ ಮಳೆ ಮುಂಗಾರು. ಮುಂಗೋಪ ಈ ಮುಂಗಾರಿನ ಜಾತಿಗೆ ಸೇರಿದ್ದು, ಅಂದ್ರೆ ಜಾಗದಲ್ಲಿ ಮುಂದೆ ಇರೋದಲ್ಲ, ಹೊತ್ತಿನಲ್ಲಿ ಮುಂದೆ ಇರೋದು. ಬುದ್ಧಿ ಬರೋಕೆ ಮುಂಚೆ ಬಂದ ಕೋಪ.

ಇಲ್ಲಿ ಕೋಪದ ಕಕಾರ ಹೋಗಿ ಗಕಾರ ಬಂದಿದೆ ನೋಡಿ. ಇದಕ್ಕೆ ಶಾಲೇಲಿ ಆದೇಶ ಸಂಧಿ ಅಂತ ಹೇಳಿಕೊಡ್ತಾರೆ. ಎರಡು ಪದ ಸೇರುವಾಗ ಎರಡನೇ ಪದದ ಮೊದಲಲ್ಲಿರೋ ಕ, ತ, ಪ ಇವು ಗ, ದ, ಬ ಆಗೋದು. ಕೈ ಗೈ ಆದಂಗೆ, ಕುರುಳು ಗುರುಳು ಆದಂಗೆ ಕೋಪ ಗೋಪ ಆಯ್ತು. ನಾವೇನು ನಿಯಮ ಕಲಿತು ಹೀಗೆ ಹೇಳಲ್ಲ, ಮೂಗಿನಿಂದ ಬರೋ ನ್ ಸದ್ದಿನ ಹಿಂದೆ ಗಟ್ಟಿಯಾದ ಕ ಹೇಳೋದಕ್ಕಿಂತ ಮೆತ್ತಗಿರೋ ಗ ಹೇಳೋದು ನಾಲಿಗೆಗೆ ಸುಲಭ, ಅದಕ್ಕೆ ಸಾವಿರಾರು ಬಾಯಲ್ಲಿ ಉರುಳಿ ಹಂಗೆ ಆಗಿದೆ.

ಇನ್ನೊಂದು ಸಂಗತಿ ಇದೆ, ಇದು ನನಗೆ ತುಂಬಾ ಇಷ್ಟವಾದದ್ದು. ಮುನ್ ಕನ್ನಡ, ಕೋಪ ಸಂಸ್ಕೃತ. ಹೀಗೆ ಕನ್ನಡದ ಪದಕ್ಕೂ ಸಂಸ್ಕೃತದ ಪದಕ್ಕೂ ಗಂಟು ಹಾಕೋದನ್ನ ಹಳೇ ವ್ಯಾಕರಣದವರು ಒಪ್ತಾ ಇರ್ಲಿಲ್ಲ, ಅದಕ್ಕೆ ಅರಿಸಮಾಸ ಅಂತ ಹೆಸರಿಟ್ರು. ಅರಿ ಅಂದ್ರೆ ಶತ್ರು. ಒಟ್ಟಿಗೆ ಇರಬಾರದ ಎರಡನ್ನ ಒಟ್ಟಿಗೆ ಕೂರಿಸಿದ ಸಮಾಸ ಅಂತ. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನೂ ಈ ಅರಿಸಮಾಸದ ವಿಚಾರ ಎತ್ತಿ, ಎಲ್ಲಿ ಮಾತ್ರ ಒಪ್ಪಬಹುದು ಅಂತ ಹೇಳಿದಾನೆ. ಆದ್ರೆ ಜನ ಯಾವಾಗ್ಲೂ ವ್ಯಾಕರಣದ ಅನುಮತಿ ಕೇಳಿ ಮಾತಾಡಿದ್ದಿಲ್ಲ, ಮಳೆ ಅನ್ನೋ ಕನ್ನಡಕ್ಕೆ ಕಾಲ ಅನ್ನೋ ಸಂಸ್ಕೃತ ಸೇರಿಸಿ ಮಳೆಗಾಲ ಅಂದ್ರು, ಹಂಗೇ ಮುಂಗೋಪ ಅಂದ್ರು, ಇವತ್ತು ಇದರಲ್ಲಿ ಯಾವುದು ಎಲ್ಲಿಯದು ಅಂತ ಯಾರಿಗೂ ಅನಿಸೋದೂ ಇಲ್ಲ. ತಮಿಳು, ಮಲಯಾಳದವರೂ ಇದೇ ಕೆಲಸ ಮಾಡಿದಾರೆ, ಅವರಲ್ಲೂ ಮುನ್‌ಕೋಪಂ, ಮುನ್‌ಕೋಪಿ ಅನ್ನೋ ಪದಗಳಿವೆ.

ಕೋಪ ಮೊದಲು ಕೋಪ ಆಗಿರ್ಲಿಲ್ಲ

ಈಗ ಎರಡನೇ ಅರ್ಧಕ್ಕೆ ಬರೋಣ. ಸಂಸ್ಕೃತದಲ್ಲಿ ಕೋಪ ಅನ್ನೋದು ಕುಪ್ ಅನ್ನೋ ಧಾತುವಿನಿಂದ ಬಂದಿದೆ. ಧಾತು ಅಂದ್ರೆ ಪದದ ಬೇರು, ಅದರಿಂದ ಕೊಂಬೆ ಕೊಂಬೆಯಾಗಿ ಬೇರೆ ಪದಗಳು ಹುಟ್ಟೋದು. ಕುಪ್ ಅಂದ್ರೆ ಸಿಟ್ಟಾಗೋದು ಅಂತ ಈಗ ಅರ್ಥ ಹೇಳ್ತಾರೆ, ಆದ್ರೆ ಅದರ ಹಳೇ ಅರ್ಥ ಅಲುಗಾಡೋದು, ಕದಡೋದು, ಕುದಿಯೋದು. ಇದಕ್ಕೆ ಪುರಾವೆ ಋಗ್ವೇದದಲ್ಲೇ ಸಿಗುತ್ತೆ. ಎರಡನೇ ಮಂಡಲದ 12ನೇ ಸೂಕ್ತ ಪೂರ್ತಿ ಇಂದ್ರನ ಮೇಲಿರೋದು, ಅದರಲ್ಲಿ "ಪರ್ವತಾನ್ ಪ್ರಕುಪಿತಾನ್" ಅಂತ ಒಂದು ಮಾತು ಬರುತ್ತೆ. ಇಂದ್ರ ನಡುಗ್ತಾ ಇದ್ದ ಭೂಮಿಯನ್ನ ಗಟ್ಟಿ ಮಾಡಿದ, ಪ್ರಕುಪಿತ ಆಗಿದ್ದ ಬೆಟ್ಟಗಳನ್ನ ಒಂದು ಕಡೆ ನಿಲ್ಲಿಸಿದ ಅಂತ. ಬೆಟ್ಟಕ್ಕೆ ಸಿಟ್ಟು ಬಂದಿತ್ತು ಅಂತ ಅಲ್ಲ, ಬೆಟ್ಟ ಅಲ್ಲಾಡ್ತಾ ಇತ್ತು ಅಂತ.

ಹೊರಗೆ ಕಾಣೋ ಅಲುಗಾಟದ ಪದ ನಿಧಾನಕ್ಕೆ ಮನಸ್ಸಿನ ಒಳಗಿನ ಅಲುಗಾಟಕ್ಕೆ ಬಂತು. ಇದೇನು ವಿಚಿತ್ರ ಅಲ್ಲ, ನಾವೂ "ಮನಸ್ಸು ಕದಡಿ ಹೋಯ್ತು" "ರಕ್ತ ಕುದೀತು" ಅಂತೀವಲ್ಲ, ಅದೇ ದಾರಿ. ಹಳೇ ಅರ್ಥ ಮಾತ್ರ ಪೂರ್ತಿ ಸತ್ತಿಲ್ಲ. ಪ್ರವಾಹ ಬಂದಾಗ, ಗುಡ್ಡ ಕುಸಿದಾಗ ಪೇಪರ್‌ನಲ್ಲಿ ಪ್ರಕೃತಿ ವಿಕೋಪ ಅಂತ ಬರೀತಾರಲ್ಲ, ಆ ವಿಕೋಪದಲ್ಲಿರೋದೂ ಇದೇ ಕುಪ್. ನಾವದನ್ನ ಪ್ರಕೃತಿಗೆ ಸಿಟ್ಟು ಬಂತು ಅಂತ ಓದ್ಕೋತೀವಿ, ಪದದ ಬೇರು ನೋಡಿದ್ರೆ ಪ್ರಕೃತಿ ಕದಡಿತು, ನೆಲೆ ತಪ್ಪಿತು ಅಂತಾನೂ ಓದಬಹುದು. ಲ್ಯಾಟಿನ್‌ನಲ್ಲಿ ಆಸೆಪಡೋದು ಅನ್ನೋ ಅರ್ಥದ ಒಂದು ಕ್ರಿಯಾಪದ ಇದೆ, ಪ್ರೇಮದ ದೇವರು ಕ್ಯುಪಿಡ್‌ನ ಹೆಸರು ಅದರಿಂದಲೇ ಬಂದಿದ್ದು, ಭಾಷಾವಿಜ್ಞಾನಿಗಳು ಅದನ್ನೂ ನಮ್ಮ ಕುಪ್ಪನ್ನೂ ಒಂದೇ ಬೇರಿಗೆ ಸೇರಿಸ್ತಾರೆ. ಒಳಗೆ ಕುದಿಯೋದು ಒಂದು ಕಡೆ ಆಸೆ ಆಯ್ತು, ಇನ್ನೊಂದು ಕಡೆ ಕೋಪ ಆಯ್ತು.

ಆಯುರ್ವೇದದಲ್ಲೂ ಇದೇ ಬೇರು. ವಾತ, ಪಿತ್ತ, ಕಫ ಇವುಗಳಲ್ಲಿ ಯಾವುದಾದ್ರೂ ಒಂದು ತನ್ನ ಅಳತೆ ಮೀರಿದ್ರೆ ಅದಕ್ಕೆ ಪ್ರಕೋಪ ಅಂತಾರೆ. ಪಿತ್ತ ಪ್ರಕೋಪ ಅಂದ್ರೆ ಪಿತ್ತ ಕೆರಳಿದೆ ಅಂತ. ಮಜಾ ಏನಂದ್ರೆ ಸಿಟ್ಟಿಗೂ ಪಿತ್ತಕ್ಕೂ ನಮ್ಮಲ್ಲಿ ಹಳೇ ನಂಟಿದೆ, "ನೋಡಿದ ತಕ್ಷಣ ಪಿತ್ತ ನೆತ್ತಿಗೇರಿತು" ಅಂತ ಇವತ್ತೂ ಹೇಳ್ತೀವಿ. ಸುಶ್ರುತ ಸಂಹಿತೆ ಅನ್ನೋ ಹಳೇ ವೈದ್ಯ ಗ್ರಂಥದ ಶಾರೀರ ಸ್ಥಾನ ಅನ್ನೋ ಭಾಗದಲ್ಲಿ ಪಿತ್ತ ಪ್ರಕೃತಿಯವರು ಹೇಗಿರ್ತಾರೆ ಅಂತ ವಿವರಿಸುವಾಗ ಜಾಸ್ತಿ ತಿಂತಾರೆ, ಬಿಸಿ ಅಂದ್ರೆ ಅವರಿಗೆ ಆಗಲ್ಲ ಅಂತೆಲ್ಲ ಹೇಳಿ ಕ್ಷಿಪ್ರಕೋಪಪ್ರಸಾದ ಅನ್ನೋ ಒಂದು ಪದ ಹಾಕಿದೆ. ಈ ಪದವನ್ನ ಸ್ವಲ್ಪ ನಿಂತು ನೋಡಬೇಕು. ಕ್ಷಿಪ್ರ ಅಂದ್ರೆ ಬೇಗ. ಬೇಗ ಕೋಪ, ಬೇಗ ಪ್ರಸಾದ. ಇಲ್ಲಿ ಪ್ರಸಾದ ಅಂದ್ರೆ ದೇವಸ್ಥಾನದ್ದಲ್ಲ, ತಿಳಿಯಾಗೋದು, ಪ್ರಸನ್ನ ಆಗೋದು. ಅಂದ್ರೆ ಬೇಗ ಕೆರಳೋ ಸ್ವಭಾವಕ್ಕೂ ಬೇಗ ತಣ್ಣಗಾಗೋ ಸ್ವಭಾವಕ್ಕೂ ಆ ವೈದ್ಯರು ಎರಡು ಬೇರೆ ಹೆಸರು ಕೊಡಲಿಲ್ಲ, ಎರಡೂ ಒಂದೇ ಮನುಷ್ಯನ ಗುಣ ಅಂತ ಒಂದೇ ಪದದಲ್ಲಿ ಹೊಲಿದುಬಿಟ್ರು. ನಮ್ಮ ಮನೆಗಳಲ್ಲಿ ಮುಂಗೋಪಿಗಳ ಬಗ್ಗೆ ಹೇಳುವಾಗ "ಕೋಪ ಬಂದಷ್ಟೇ ಬೇಗ ಹೋಗುತ್ತೆ, ಮನಸಲ್ಲಿ ಏನೂ ಇಟ್ಕೊಳಲ್ಲ" ಅಂತ ತಪ್ಪದೆ ಸೇರಿಸ್ತಾರಲ್ಲ, ಅದು ಇದೇ ತಿಳುವಳಿಕೆ.

ಇಂಗ್ಲಿಷಿನ ಟೆಂಪರ್ ಕೂಡ ಇಂಥ ಜಾಗದಿಂದಲೇ ಬಂದಿರೋದು. ಲ್ಯಾಟಿನ್‌ನಲ್ಲಿ ಅದು ಸರಿಯಾದ ಅಳತೆಯಲ್ಲಿ ಬೆರೆಸೋದು ಅನ್ನೋ ಅರ್ಥದ ಪದ. ಯುರೋಪಿನ ಹಳೇ ವೈದ್ಯದಲ್ಲಿ ಮೈಯೊಳಗೆ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ರಸ ಇವೆ, ಅವು ಬೆರೆತ ರೀತಿಯೇ ಮನುಷ್ಯನ ಸ್ವಭಾವ ಅಂತ ನಂಬಿದ್ರು, ಅದರಲ್ಲೂ ಹಳದಿ ಪಿತ್ತ ಜಾಸ್ತಿ ಇದ್ರೆ ಸಿಟ್ಟಿನವನು. ಎರಡು ಕಡೆಯ ವೈದ್ಯರೂ ಸಿಟ್ಟಿಗೆ ಪಿತ್ತವನ್ನೇ ಹಿಡಿದ್ರು.

ಕೋಪ ಮೂಗಿನ ಮೇಲೇ ಯಾಕೆ ಕೂರುತ್ತೆ

ಮುಂಗೋಪಿಯ ಬಗ್ಗೆ ಹೇಳುವಾಗ "ಮೂಗಿನ ತುದೀಲೇ ಕೋಪ" ಅನ್ನೋ ಮಾತು ಬಂದೇ ಬರುತ್ತೆ. ಇದು ಕನ್ನಡದ್ದೊಂದೇ ಅಲ್ಲ. ತೆಲುಗಲ್ಲಿ ಮುಕ್ಕು ಮೀದ ಕೋಪಂ ಅಂತಾರೆ, ಮಲಯಾಳದಲ್ಲಿ ಮೂಕ್ಕತ್ತು ಶುಂಠಿ ಅಂತಾರೆ, ಅಲ್ಲಿ ಶುಂಠಿ ಅಂದ್ರೆ ಸಿಟ್ಟು ಅಂತಾನೂ ಅರ್ಥ. ಹಿಂದಿಯವರು ನಾಕ್ ಪರ್ ಗುಸ್ಸಾ, ಮರಾಠಿಯವರು ನಾಕಾವರ ರಾಗ. (ಮರಾಠಿಯ ಈ ರಾಗ ಸಂಗೀತದ್ದಲ್ಲ, ಅವರಲ್ಲಿ ರಾಗ ಅಂದ್ರೆ ಸಿಟ್ಟು. ಸಂಸ್ಕೃತದಲ್ಲಿ ರಾಗಕ್ಕೆ ಬಣ್ಣ, ಕೆಂಪು ಅನ್ನೋ ಅರ್ಥ ಇದೆ, ಮುಖ ಕೆಂಪಾಗೋದು ಸಿಟ್ಟು ಆಗಿದ್ದು ಹಂಗೆ.)

ಇನ್ನೂ ದೂರ ಹೋದ್ರೆ ಬೈಬಲ್ಲಿನ ಹೀಬ್ರೂ ಭಾಷೆಯಲ್ಲಿ ಅಫ್ ಅನ್ನೋ ಒಂದೇ ಪದಕ್ಕೆ ಮೂಗು ಅಂತಾನೂ ಅರ್ಥ, ಕೋಪ ಅಂತಾನೂ ಅರ್ಥ. ಅಲ್ಲಿ ತಾಳ್ಮೆ ಇರೋನನ್ನ, ಬೇಗ ಸಿಟ್ಟಾಗದವನನ್ನ ಹೇಳೋಕೆ ಉದ್ದ ಮೂಗಿನವನು ಅನ್ನೋ ಅರ್ಥದ ನುಡಿ ಇದೆ. ಕೋಪ ಮೂಗಲ್ಲಿ ಇರುತ್ತೆ ಅಂದಮೇಲೆ ಮೂಗು ಉದ್ದ ಇದ್ದಷ್ಟೂ ಅದು ಆಚೆ ಬರೋಕೆ ಹೊತ್ತು ಹಿಡಿಯುತ್ತೆ ಅಂತ ಅರ್ಥ ಮಾಡ್ಕೊಂಡ್ರೆ ಚೆನ್ನಾಗಿ ಕೂರುತ್ತೆ. ಒಬ್ಬರನ್ನೊಬ್ಬರು ನೋಡದ ಊರುಗಳ ಜನ ಒಂದೇ ಜಾಗಕ್ಕೆ ಬಂದಿದಾರೆ ಅಂದ್ರೆ ಮೈಯಲ್ಲೇ ಏನೋ ಕಾರಣ ಇರಬೇಕು. ಇದೆ. ಸಿಟ್ಟು ಬಂದಾಗ ಅಡ್ರಿನಲಿನ್ ಅನ್ನೋ ರಸ ರಕ್ತಕ್ಕೆ ಇಳಿಯುತ್ತೆ, ಎದೆಬಡಿತ ಏರುತ್ತೆ, ಉಸಿರು ಜೋರಾಗುತ್ತೆ, ಜಾಸ್ತಿ ಗಾಳಿ ಎಳೆಯೋಕೆ ಮೂಗಿನ ಹೊಳ್ಳೆ ಅರಳುತ್ತೆ, ಮುಖಕ್ಕೆ ರಕ್ತ ನುಗ್ಗಿ ಬಣ್ಣ ಬದಲಾಗುತ್ತೆ. ಎದುರಿಗೆ ನಿಂತವರ ಕಣ್ಣಿಗೆ ಬೀಳೋದು ಆ ಹೊಳ್ಳೆ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯರು ಪ್ರಾಣಿಗಳು ಭಾವನೆಗಳನ್ನ ಹೇಗೆ ತೋರಿಸ್ತಾರೆ ಅಂತ ಒಂದು ಪುಸ್ತಕ ಬರೆದ, ಅದರಲ್ಲೂ ಸಿಟ್ಟಿನ ಗುರುತುಗಳಲ್ಲಿ ಅರಳಿದ ಮೂಗಿನ ಹೊಳ್ಳೆಯನ್ನ ಹೇಳಿದಾನೆ. ಸಿಟ್ಟಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರಲ್ಲ ಅನ್ನೋ ನಮ್ಮ ಗಾದೇಲೂ ಮೂಗೇ ಬಂದಿದೆ.

ಸಿಡುಕ, ಅಪ್ಪಟ ಕನ್ನಡದವನು

ಮುಂಗೋಪಿಯಲ್ಲಿ ಅರ್ಧ ಸಂಸ್ಕೃತ ಇದೆ, ಸಿಡುಕನಲ್ಲಿ ಅದೂ ಇಲ್ಲ. ಸಿಡಿ ಅನ್ನೋದು ಇದರ ಬೇರು. ಒಗ್ಗರಣೆ ಇಡುವಾಗ ಗಮನಿಸಿ, ಎಣ್ಣೆ ಕಾಯೋವರೆಗೂ ಸಾಸಿವೆ ಸುಮ್ನೆ ತಳದಲ್ಲಿ ಬಿದ್ದಿರುತ್ತೆ, ಕಾದ ತಕ್ಷಣ ಒಂದು ಕಾಳು ಚಟ್ ಅಂತ ಹಾರುತ್ತೆ, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲಾ ಒಟ್ಟಿಗೆ ಶುರು ಆಗಿ ಮುಚ್ಚಳ ಹಿಡಿಯದೆ ಇದ್ರೆ ಮುಂಗೈಗೆ ಬಂದು ಚುರ್ ಅನ್ನುತ್ತೆ, ಇದಕ್ಕೆ ಸಾಸಿವೆ ಸಿಡಿಯೋದು ಅಂತೀವಿ. ಸಿಡುಕನ ಸ್ವಭಾವ ಪೂರ್ತಿ ಇಷ್ಟೇ. ಅವನ ಸಿಟ್ಟು ದೊಡ್ಡ ಬೆಂಕಿ ಅಲ್ಲ, ಸಣ್ಣ ಸಣ್ಣದಾಗಿ ಹಾರೋದು, ಎದುರಿಗೆ ಯಾರಿದ್ದಾರೋ ಅವರ ಮೈಗೆ ತಗಲೋದು.

ಇದೇ ಸಿಡಿಯಿಂದ ಸಿಡಿಲು ಬಂತು, ಬಂಡೆ ಒಡೆಯೋ ಸಿಡಿಮದ್ದು ಬಂತು, ಸಿಡಿಗುಂಡು ಬಂತು, ಸಿಡಿಮಿಡಿಗೊಳ್ಳೋದು ಬಂತು. ಬಗ್ಗಿಸಿ ಬಿಟ್ಟ ಕೊಂಬೆ ಸಟ್ ಅಂತ ಮೇಲೇಳೋದಕ್ಕೂ ಸಿಡಿಯೋದು ಅಂತಾರೆ, ಅಂದ್ರೆ ಒಳಗೆ ಅದುಮಿಟ್ಟಿದ್ದು ಥಟ್ ಅಂತ ಬಿಡುಗಡೆ ಆಗೋದು ಈ ಬೇರಿನ ಮುಖ್ಯ ಅರ್ಥ. ಸಿಡುಕು ಅಂದ್ರೆ ಆ ಗುಣ, ಸಿಡುಕ ಅಂದ್ರೆ ಆ ಗುಣದ ಗಂಡಸು, ಹೆಂಗಸಾದ್ರೆ ಸಿಡುಕಿ. ಮಕ್ಕಳಿಗೆ ಮುದ್ದಾಗಿ ಬೈಯೋವಾಗ ಸಿಡುಕುಮೂತಿ ಅಂತಾರೆ. ಮುಂಗೋಪ ಅಪರೂಪಕ್ಕೂ ಬರಬಹುದು, ಸಿಡುಕು ಮಾತ್ರ ದಿನಾ ಇರೋದು, ಕಾಫಿ ಕೊಟ್ರೂ "ಅಲ್ಲಿಡು" ಅಂತ ಮುಖ ನೋಡದೆ ಹೇಳೋದರಲ್ಲಿ ಇರೋದು. ಶಾರ್ಟ್ ಟೆಂಪರ್ ಅನ್ನೋ ಒಂದೇ ಮಾತು ಈ ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತೆ, ಅದಕ್ಕೇ ನನಗೆ ಕನ್ನಡದ ಪದಗಳನ್ನ ಬಿಟ್ಟುಕೊಡೋಕೆ ಮನಸ್ಸಾಗೋದಿಲ್ಲ.

ಮುನಿ, ಮುನಿಸು, ಕಿನಿಸು

ಮುನಿ ಅಂದ ತಕ್ಷಣ ಗಡ್ಡ ಬಿಟ್ಟ ಋಷಿ ಕಣ್ಣಮುಂದೆ ಬರ್ತಾನೆ, ಅದು ಸಂಸ್ಕೃತದ ಮುನಿ, ಮೌನ ಅನ್ನೋ ಪದ ಹುಟ್ಟಿದ್ದು ಅದರಿಂದ. ಕನ್ನಡದಲ್ಲಿ ಇನ್ನೊಂದು ಮುನಿ ಇದೆ, ಅದು ಕ್ರಿಯಾಪದ, ಮುನಿಯೋದು ಅಂದ್ರೆ ಸಿಟ್ಟಾಗೋದು. ತಮಿಳಲ್ಲೂ ಇದೇ ಅರ್ಥದಲ್ಲಿ ಇದೇ ಪದ ಇದೆ, ದ್ರಾವಿಡ ಭಾಷೆಗಳ ಹಳೇ ಸ್ವತ್ತು ಇದು. ಸದ್ದು ಒಂದೇ ಆದ್ರೂ ಎರಡಕ್ಕೂ ಸಂಬಂಧ ಇಲ್ಲ. "ಹರ ಮುನಿದರೆ ಗುರು ಕಾಯ್ವನು" ಅನ್ನೋವಾಗ ಬರೋದು ಈ ಕನ್ನಡದ ಮುನಿ. 12ನೇ ಶತಮಾನದ ಬಸವಣ್ಣನ ಕಳಬೇಡ ಕೊಲಬೇಡ ವಚನ ಗೊತ್ತಿಲ್ಲದವರು ಕಮ್ಮಿ, ಅದರಲ್ಲಿ ಮುನಿಯಬೇಡ ಅನ್ನೋದು ಕದಿಯೋದು, ಕೊಲ್ಲೋದು, ಸುಳ್ಳು ಹೇಳೋದರ ಸಾಲಲ್ಲೇ ಬಂದಿದೆ. "ತನಗೆ ಮುನಿವರಿಗೆ ತಾ ಮುನಿಯಲೇಕಯ್ಯ" ಅಂತ ಇನ್ನೊಂದು ವಚನವೇ ಇದೆ, ಅದರಲ್ಲಿ ಮನೆಯೊಳಗಿನ ಕಿಚ್ಚು ತನ್ನ ಮನೆಯನ್ನೇ ಸುಡುತ್ತೆ, ನೆರೆಮನೆಯನ್ನಲ್ಲ ಅಂತ ಕೋಪದ ಬಗ್ಗೆ ಹೇಳಿದಾನೆ.

ಈಗ ಮುನಿಯೋದು ಅಂತ ಮಾತಲ್ಲಿ ಅಷ್ಟಾಗಿ ಬಳಸಲ್ಲ, ಮುನಿಸು ಉಳ್ಕೊಂಡಿದೆ, ಅದರ ಅರ್ಥನೂ ಮೆತ್ತಗಾಗಿದೆ. ಗಂಡ ಹೆಂಡತಿ ಮಾತು ಬಿಟ್ರೆ ಮುನಿಸು, ಪಕ್ಷದ ಲೀಡರ್‌ಗಳು ಒಬ್ಬರ ಮುಖ ಒಬ್ಬರು ನೋಡದೆ ಇದ್ರೆ ಪೇಪರ್‌ನಲ್ಲಿ ಮುನಿಸು. ಕಿನಿಸು ಅನ್ನೋದೂ ಇದರ ಜೊತೆಗಾರ ಪದ, ಅದಕ್ಕೆ ತಮಿಳಲ್ಲಿ ಸಿನಂ ಅಂತಾರೆ. ಕನ್ನಡದ ಕಿ ತಮಿಳಲ್ಲಿ ಸಿ, ಕೆ ಅಲ್ಲಿ ಸೆ ಆಗೋದು ತುಂಬಾ ಪದಗಳಲ್ಲಿ ಕಾಣುತ್ತೆ, ನಮ್ಮ ಕಿವಿ ಅವರಿಗೆ ಸೆವಿ, ಕೆಂಪು ಅನ್ನೋ ಅರ್ಥದ ನಮ್ಮ ಕೆಂ ಅವರಿಗೆ ಸೆಂ. ಕನ್ನಡ ಹಳೇ ಕಕಾರವನ್ನ ಹಾಗೇ ಇಟ್ಕೊಂಡಿದೆ.

ದೂರ್ವಾಸ ಹೇಗೆ ಪದವಾದ

ಹೆಸರಿದ್ದಿದ್ದು ಗುಣವಾಚಕ ಆಗೋದು ಅಂದ್ರೆ ಆ ಮನುಷ್ಯನ ಕಥೆ ಎಷ್ಟು ಮನೆಗಳಿಗೆ ಹೋಗಿರಬೇಕು ನೋಡಿ. "ಮೆಲ್ಲಗೆ ಮಾತಾಡು, ನಿಮ್ಮ ದೊಡ್ಡಪ್ಪ ಮೊದಲೇ ದೂರ್ವಾಸ ಮುನಿ" ಅಂದ್ರೆ ಪುರಾಣ ಓದದ ಹುಡುಗನಿಗೂ ಅರ್ಥ ಆಗುತ್ತೆ. ಕೆಲವು ಕಡೆ ಜಮದಗ್ನಿ ಅಂತಾರೆ, ಅರ್ಥ ಅದೇ.

ಸಂಸ್ಕೃತದಲ್ಲಿ ಸರಿಯಾದ ರೂಪ ದುರ್ವಾಸ, ದು ಹ್ರಸ್ವ. ದುರ್ ಅಂದ್ರೆ ಕೆಟ್ಟ, ವಾಸಸ್ ಅಂದ್ರೆ ಬಟ್ಟೆ. ಕೆಟ್ಟ ಬಟ್ಟೆಯವನು, ಬಟ್ಟೆಯ ಗೊಡವೆ ಇಲ್ಲದವನು ಅಂತ ಹೆಸರಿನ ಅರ್ಥ, ಅದರಲ್ಲಿ ಸಿಟ್ಟಿನ ಸುಳಿವೂ ಇಲ್ಲ. ವಾಸ ಅಂದ್ರೆ ಇರೋದು ಅಂತ ತಗೊಂಡು "ಜೊತೇಲಿ ಇರೋಕೆ ಕಷ್ಟವಾದವನು" ಅಂತ ಅರ್ಥ ಹೇಳೋದೂ ಉಂಟು, ಅದು ಅವರ ಸ್ವಭಾವ ನೋಡಿ ಆಮೇಲೆ ಹೊಂದಿಸಿದ ಅರ್ಥ. ಕನ್ನಡದ ಬಾಯಲ್ಲಿ ದು ಉದ್ದವಾಗಿ ದೂರ್ವಾಸ ಆಯ್ತು, ಹೆಚ್ಚಿನವರು ಬರೆಯೋದೂ ಹಂಗೇ.

ಭಾಗವತದ ಪ್ರಕಾರ ಅವರು ಅತ್ರಿ ಅನಸೂಯೆಯರ ಮಗ, ರುದ್ರನ ಅಂಶ. ಕಾಳಿದಾಸನ ಶಾಕುಂತಲ ನಾಟಕದ ನಾಲ್ಕನೇ ಅಂಕದಲ್ಲಿ ದುಷ್ಯಂತನ ಯೋಚನೇಲಿ ಮುಳುಗಿದ್ದ ಶಕುಂತಲೆ ಬಾಗಿಲಿಗೆ ಬಂದ ಇವರನ್ನ ಗಮನಿಸಲಿಲ್ಲ ಅಂತ "ನೀನು ಯಾರನ್ನ ನೆನೀತಾ ಇದ್ದೀಯೋ ಅವನು ನಿನ್ನ ಮರೀಲಿ" ಅಂತ ಶಾಪ ಕೊಟ್ಟು ಹೊರಟೇಬಿಡ್ತಾರೆ. ಮಹಾಭಾರತದ ಶಕುಂತಲೆ ಕಥೇಲಿ ಈ ಶಾಪ ಇಲ್ಲ, ಕಾಳಿದಾಸ ತಂದಿದ್ದು. ಆಗ ಸಖಿಯ ಬಾಯಲ್ಲಿ ಬರೋ ಮಾತು ಸುಲಭಕೋಪ ಮಹರ್ಷಿ. ಸುಲಭಕೋಪ ಅಂದ್ರೆ ಕೋಪ ಸುಲಭವಾಗಿ ಸಿಗೋರು, ಮುಂಗೋಪಿಗೆ ಇದಕ್ಕಿಂತ ಹತ್ತಿರದ ಸಂಸ್ಕೃತ ಪದ ನಾನು ನೋಡಿಲ್ಲ. ಸಖಿ ಕಾಲು ಹಿಡಿದಾಗ ಮತ್ತೆ ಅವರೇ ಮೆತ್ತಗಾಗಿ, ಗುರುತಿನ ಒಡವೆ ನೋಡಿದ್ರೆ ಶಾಪ ಹೋಗುತ್ತೆ ಅಂತ ದಾರಿನೂ ಬಿಡ್ತಾರೆ.

ಭಾಗವತದ ಒಂಬತ್ತನೇ ಸ್ಕಂಧದಲ್ಲಿರೋ ಅಂಬರೀಷನ ಕಥೆ ಇನ್ನೂ ಚೆನ್ನಾಗಿ ಈ ಸ್ವಭಾವ ತೋರಿಸುತ್ತೆ. ಅಂಬರೀಷ ಅನ್ನೋ ರಾಜ ಒಂದು ವರ್ಷ ಏಕಾದಶಿ ವ್ರತ ಹಿಡಿದು ಕೊನೆಗೆ ದ್ವಾದಶಿ ದಿನ ಪಾರಣೆ ಮಾಡಬೇಕು, ಅಂದ್ರೆ ಉಪವಾಸ ಬಿಡಬೇಕು, ಅಷ್ಟರಲ್ಲಿ ದುರ್ವಾಸರು ಅತಿಥಿಯಾಗಿ ಬಂದು, ಊಟಕ್ಕೆ ಬರ್ತೀನಿ ಅಂತ ಯಮುನೆಗೆ ಸ್ನಾನಕ್ಕೆ ಹೋದೋರು ಬರ್ತಾನೇ ಇಲ್ಲ. ಇತ್ತ ದ್ವಾದಶಿ ಮುಗೀತಾ ಬಂತು. ಅತಿಥಿಗೆ ಮೊದಲು ಉಂಡ್ರೆ ತಪ್ಪು, ಪಾರಣೆ ಮಾಡದಿದ್ರೆ ವ್ರತ ಕೆಡುತ್ತೆ. ಬರೀ ನೀರು ಕುಡಿದ್ರೆ ಉಂಡಂಗೂ ಆಯ್ತು, ಉಣ್ಣದಂಗೂ ಆಯ್ತು ಅಂತ ಬ್ರಾಹ್ಮಣರು ಹೇಳಿದ್ರು, ರಾಜ ನೀರು ಕುಡಿದ. ವಾಪಸ್ ಬಂದ ದುರ್ವಾಸರು ಒಂದು ಮಾತೂ ಕೇಳಲಿಲ್ಲ, ಜಟೆಯಿಂದ ಒಂದು ಕೂದಲೆಳೆ ಕಿತ್ತು ಕೃತ್ಯೆಯನ್ನ, ಅಂದ್ರೆ ಕೊಲ್ಲೋಕೆ ಅಂತಾನೇ ಹುಟ್ಟಿಸೋ ಹೆಣ್ಣು ಶಕ್ತಿಯನ್ನ, ಹುಟ್ಟಿಸಿ ರಾಜನ ಮೇಲೆ ಬಿಟ್ರು. ಸುದರ್ಶನ ಚಕ್ರ ಅವಳನ್ನ ಸುಟ್ಟು ದುರ್ವಾಸರ ಹಿಂದೆ ಬಿತ್ತು. ಅವರು ಬ್ರಹ್ಮನ ಹತ್ರ ಹೋದ್ರು, ಶಿವನ ಹತ್ರ ಹೋದ್ರು, ವಿಷ್ಣುನೂ "ನನ್ನ ಕೈಲಿಲ್ಲ, ಅಂಬರೀಷನನ್ನೇ ಕೇಳಿ" ಅಂದ. ಕೊನೆಗೆ ಬಂದು ರಾಜನ ಕಾಲೇ ಹಿಡಿದ್ರು. ರಾಜ ಪ್ರಾರ್ಥನೆ ಮಾಡಿ ಚಕ್ರವನ್ನ ಶಾಂತ ಮಾಡಿದ. ಇಷ್ಟೆಲ್ಲ ಆಗೋ ಹೊತ್ತಿಗೆ ಒಂದು ವರ್ಷ ಕಳೆದಿತ್ತು, ಅಷ್ಟೂ ದಿನ ಅಂಬರೀಷ ಅತಿಥಿ ಬರಲಿ ಅಂತ ಉಣ್ಣದೆ ಕಾದಿದ್ದ. ದುರ್ವಾಸರು ತೃಪ್ತಿಯಾಗಿ ಊಟ ಮಾಡಿ ಅವನನ್ನ ಹೊಗಳಿ ಹೋದ್ರು. ಕಾರಣ ಕೇಳೋಕೆ ಮೊದಲೇ ಕೃತ್ಯೆ, ಇದೇ ಮುನ್ ಕೋಪ.

ಹಾಗೇ ಇನ್ನೊಂದು ಕಡೆಯ ಕಥೆಗಳೂ ಇವೆ, ಅವನ್ನ ಹೇಳೋರು ಕಮ್ಮಿ. ಮಹಾಭಾರತದಲ್ಲಿ ಚಿಕ್ಕ ಹುಡುಗಿ ಕುಂತಿ ಮನೆಗೆ ಬಂದ ಈ ಮುನಿಯ ಸೇವೆ ಬೇಸರವಿಲ್ಲದೆ ಮಾಡಿದಳು ಅಂತ ದೇವತೆಗಳನ್ನೇ ಕರೆಯೋ ಮಂತ್ರವನ್ನ ದುರ್ವಾಸರು ಅವಳಿಗೆ ಕೊಟ್ರು. ಕರ್ಣ ಹುಟ್ಟಿದ್ದು ಆ ಮಂತ್ರದಿಂದ, ಪಾಂಡವರೂ ಆ ಮಂತ್ರದಿಂದ. ವನಪರ್ವದಲ್ಲಿ ಮುದ್ಗಲ ಅನ್ನೋ ಬಡವ ಬರ್ತಾನೆ, ಕೊಯ್ಲಾದ ಹೊಲದಲ್ಲಿ ಬಿದ್ದ ಕಾಳು ಆಯ್ದು ಬದುಕೋನು. ದುರ್ವಾಸರು ಮತ್ತೆ ಮತ್ತೆ, ಒಟ್ಟು ಆರು ಸಲ ಬಂದು ಅವನ ಮನೆಯ ಅನ್ನ ಪೂರ್ತಿ ತಿಂದು ಹೋದ್ರೂ ಅವನ ಮುಖದಲ್ಲಿ ಬೇಸರ ಕಾಣಲಿಲ್ಲ, ಅದಕ್ಕೆ ಮೆಚ್ಚಿ ಅವನ ದಾನವನ್ನ ಬಾಯ್ತುಂಬ ಹೊಗಳಿದ್ರು, ಸ್ವರ್ಗದ ವಿಮಾನ ಅವನ ಬಾಗಿಲಿಗೇ ಬಂತು. ಸುಶ್ರುತದ ಕ್ಷಿಪ್ರಕೋಪಪ್ರಸಾದ ಅನ್ನೋ ಪದಕ್ಕೆ ಜೀವ ಬಂದ್ರೆ ಅದು ದುರ್ವಾಸರೇ. ನಾವು ಮಾತಲ್ಲಿ ಅವರ ಕೋಪವನ್ನ ಇಟ್ಕೊಂಡು ಪ್ರಸಾದವನ್ನ ಬಿಟ್ಟುಬಿಟ್ವಿ.

ಹೆಂಗಸರಿಗೆ ಬೇರೆ ಪದಗಳು ಯಾಕೆ

ಒಂದು ವಿಷಯ ಗಮನಿಸಿ, ಸಿಟ್ಟಿನ ಗಂಡಸಿಗೆ ಸಿಕ್ಕಿದ್ದು ಋಷಿಗಳ ಹೆಸರು. ಸಿಟ್ಟಿನ ಹೆಂಗಸಿಗೆ ಗಯ್ಯಾಳಿ, ಬಜಾರಿ, ಜಗಳಗಂಟಿ. ಬಜಾರಿ ಅನ್ನೋದು ಬಜಾರ್‌ನಿಂದ ಬಂದ ಪದ, ಸಂತೆಬೀದೀಲಿ ನಿಂತು ಜೋರಾಗಿ ಮಾತಾಡೋ ಹೆಂಗಸು ಅನ್ನೋದು ಬೈಗುಳ ಆಗಿಬಿಟ್ಟಿದೆ. ಅದೇ ಸಂತೇಲಿ ಅದೇ ದನಿಯಲ್ಲಿ ಕೂಗೋ ಗಂಡಸಿಗೆ ಇಂಥ ಪದ ಇಲ್ಲ. ಈ ವ್ಯತ್ಯಾಸ ಪದಗಳಲ್ಲಿ ಉಳಿದಿದೆ, ನೋಡದೆ ಇರೋಕಾಗಲ್ಲ.

ಸಂಸ್ಕೃತದ ಹಳೇ ನಿಘಂಟು ಅಮರಕೋಶದಲ್ಲಿ ಸಿಟ್ಟಿನವರಿಗೆ ಕ್ರೋಧನ, ಅಮರ್ಷಣ, ಕೋಪಿ ಅಂತ ಹೇಳಿ, ವಿಪರೀತ ಸಿಟ್ಟಿನವನಾದ್ರೆ ಚಂಡ ಅಂತ ಒಂದು ಮೆಟ್ಟಿಲು ಮೇಲೆ ಇಟ್ಟಿದೆ. ಚಂಡಿ ಅದರ ಹೆಣ್ಣು ರೂಪ, ದೇವಿಗೂ ಅದೇ ಹೆಸರು. ನಮ್ಮಲ್ಲಿ ಮಕ್ಕಳು ಹಟ ಮಾಡಿದ್ರೆ "ಚಂಡಿ ಹಿಡೀತಾ ಇದೆ" ಅನ್ನೋದು ಕೇಳಿರ್ತೀರ. ಅದೇ ಅಮರಕೋಶದಲ್ಲಿ ಸಿಟ್ಟಾದ ಹೆಂಗಸಿಗೆ ಇರೋ ಪದ ಭಾಮಿನಿ. ಹೌದು, ಭಾಮಿನಿ ಷಟ್ಪದಿಯ ಭಾಮಿನಿಯೇ. ಭಾಮ ಅಂದ್ರೆ ಹೊಳಪು, ಕೋಪ ಅಂತ ಎರಡೂ ಅರ್ಥ ಇದೆ. ಕನ್ನಡಕ್ಕೆ ಬರೋ ಹೊತ್ತಿಗೆ ಸಿಟ್ಟು ಕಳಚಿ ಭಾಮಿನಿ ಅಂದ್ರೆ ಚೆಲುವೆ, ಹೆಣ್ಣು ಅಂತಷ್ಟೇ ಉಳೀತು.

ಮುಂಗೋಪಿಗೆ ಮಾತ್ರ ಈ ಭೇದ ಇಲ್ಲ. ಸಂಸ್ಕೃತದ ಲೆಕ್ಕದಲ್ಲಿ ಕೋಪಿಗೆ ಹೆಣ್ಣು ರೂಪ ಕೋಪಿನಿ ಆಗಬೇಕು, ಕನ್ನಡದಲ್ಲಿ ಯಾರೂ ಮುಂಗೋಪಿನಿ ಅನ್ನಲ್ಲ. ಅಜ್ಜನೂ ಮುಂಗೋಪಿ, ಅತ್ತೆನೂ ಮುಂಗೋಪಿ, ಬಾಸ್ ಗಂಡಾದ್ರೂ ಹೆಣ್ಣಾದ್ರೂ ಮುಂಗೋಪಿ, ಜಾಸ್ತಿ ಜನ ಇದ್ರೆ ಮುಂಗೋಪಿಗಳು.